ಸಂಜೆ ಆರೂವರೆಗೆ ಮನೆಯಲ್ಲಿ ಏನು ಸಿದ್ಧ ಇರಬೇಕು? ಕಡಿಮೆ ಖರ್ಚಿನ ರಾತ್ರಿ ಊಟದ ಲೆಕ್ಕ

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದಲ್ಲಿ ಇರುತ್ತೇವೆ. ಮನೆಯಲ್ಲಿ ಐದು ಮಂದಿ. ನಾವಿಬ್ಬರು, ಹನ್ನೆರಡು ಮತ್ತು ಎಂಟು ವರ್ಷದ ಮಕ್ಕಳು, ಅತ್ತೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ನಾನು ಮನೆ ಸೇರುವಾಗ ಸಂಜೆ ಆರೂವರೆ. ರಾತ್ರಿ ಊಟಕ್ಕೆ ಏನು ಮಾಡುವುದು ಅಂತ ಆಗ ಯೋಚನೆ ಶುರು. ತಿಂಗಳ ಕೊನೆಗೆ ನೋಡಿದರೆ ಕಿರಾಣಿ, ಕಾಯಿಪಲ್ಯಕ್ಕಿಂತ ಹೊರಗಿನ ತಿಂಡಿ, ಪಾರ್ಸಲ್ಲಿಗೇ ಜಾಸ್ತಿ ಹೋಗಿರುತ್ತದೆ. ಮಕ್ಕಳು ರೊಟ್ಟಿ ಬೇಡ ಎನ್ನುತ್ತಾರೆ, ಪನೀರ್, ನೂಡಲ್ಸ್ ಕೇಳುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಕಾಳು ತಿಂದರೆ ಹೊಟ್ಟೆ ಉಬ್ಬುತ್ತದೆ ಎನ್ನುತ್ತಾರೆ. ಖರ್ಚು ಕಡಿಮೆ ಆಗಬೇಕು, ಊಟ ಮಾತ್ರ ಬಡವಾಗಬಾರದು. ದಾರಿ ಇದೆಯೇ?

ಉತ್ತರ: ತಂಗಿ, ಕಿರಾಣಿಗಿಂತ ಹೊರಗಿನ ತಿಂಡಿಗೇ ಜಾಸ್ತಿ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಅಂದರೆ ನಿಮ್ಮ ಅಡುಗೆಯಲ್ಲಿ ದುಂದು ಇಲ್ಲ. ದುಡ್ಡು ಹೋಗುವುದು ಆರೂವರೆಯಿಂದ ಎಂಟು ಗಂಟೆಯ ನಡುವೆ. ಮಕ್ಕಳು ಹಸಿದಿರುತ್ತಾರೆ, ನೀವು ದಣಿದಿರುತ್ತೀರಿ, ಒಲೆ ಮೇಲೆ ಏನೂ ಇರುವುದಿಲ್ಲ. ಆಗ ಮಿರ್ಚಿ ಭಜಿ, ಗಿರ್ಮಿಟ್ ಬರುತ್ತದೆ. ಅದನ್ನು ತಿಂದ ಮೇಲೆ ಅಡುಗೆ ಮಾಡುವ ಹುರುಪು ಉಳಿಯುವುದಿಲ್ಲ, ಎಂಟೂವರೆಗೆ ಪಾರ್ಸಲ್ ಬರುತ್ತದೆ.

ನಾನು ಮೊದಲು ಒಂದು ಖಾನಾವಳಿಯಲ್ಲಿ ಅಡುಗೆಮನೆಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಈಗ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಅಡುಗೆ, ಪೋಷಣೆ ಹೇಳಿಕೊಡುತ್ತೇನೆ. ನಮ್ಮ ಕಡೆಯ ಖಾನಾವಳಿಗಳು ಇಷ್ಟು ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಹೇಗೆ ಬಡಿಸುತ್ತವೆ, ಗಮನಿಸಿದ್ದೀರಾ? ಗಿರಾಕಿ ಬಂದು ಕೂತ ಮೇಲೆ ಅಲ್ಲಿ ಯಾರೂ ಯೋಚನೆ ಮಾಡುವುದಿಲ್ಲ. ಕಾಳು ನಿನ್ನೆಯೇ ನೆನೆದಿರುತ್ತದೆ. ರೊಟ್ಟಿ ಬುಟ್ಟಿಯಲ್ಲಿರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಅಂದರೆ ಚಟ್ನಿಪುಡಿ ಡಬ್ಬಿಯಲ್ಲಿ, ಮೊಸರು ಗಡಿಗೆಯಲ್ಲಿ. ಉಳಿಯುವ ಕೆಲಸ ಒಂದು ಒಗ್ಗರಣೆ. ನಿಮ್ಮ ಮನೆಗೂ ಈ ನಾಲ್ಕು ಬಂದರೆ ಸಾಕು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾಳು. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಉಳಿತಾಯದ ಬೇರು ಇಲ್ಲೇ ಇದೆ.

ಬೆಲೆ ವಾರಕ್ಕೊಂದು ರೀತಿ ಇರುತ್ತದೆ. ಅದಕ್ಕೆ ರೂಪಾಯಿ ಬಿಟ್ಟು ತೂಕದಲ್ಲಿ ಹೇಳುತ್ತೇನೆ, ನಿಮ್ಮ ಅಂಗಡಿಯ ಬೆಲೆ ನೀವೇ ಹಾಕಿ ನೋಡಿ. 100 ಗ್ರಾಂ ಒಣ ಹೆಸರುಕಾಳು ಅಥವಾ ಮಡಕಿಕಾಳಿನಲ್ಲಿ ಸುಮಾರು 23–24 ಗ್ರಾಂ ಪ್ರೋಟೀನ್ ಇರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 200 ಗ್ರಾಂ ಪನೀರ್ ಪ್ಯಾಕೆಟ್ಟಿನಲ್ಲಿ ಹೆಚ್ಚುಕಡಿಮೆ 36 ಗ್ರಾಂ. ಅಷ್ಟೇ ಪ್ರೋಟೀನ್ 150–160 ಗ್ರಾಂ ಮಡಕಿಯಲ್ಲಿ ಸಿಗುತ್ತದೆ. ಎರಡರ ಬೆಲೆ ಪಕ್ಕಪಕ್ಕ ಬರೆದು ನೋಡಿ. ಪನೀರ್ ಕೆಟ್ಟದ್ದು ಎನ್ನುತ್ತಿಲ್ಲ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಬರಲಿ. ವಾರದ ಊಟದ ಭಾರವನ್ನು ಕಾಳು ಹೊರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ 85 ಗ್ರಾಂ ಬೇಳೆಕಾಳು ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ತೆಳ್ಳಗೆ ಒಂದು ಸಾರು ಮಾಡಿ, ಅದೇ ಬೇಳೆ ಅಂತ ಸಮಾಧಾನ ಪಟ್ಟುಕೊಳ್ಳುತ್ತೇವೆ. ನಿಮ್ಮ ಐದು ಮಂದಿಗೆ ರಾತ್ರಿ ಊಟಕ್ಕೆ 200ರಿಂದ 250 ಗ್ರಾಂ ಒಣ ಕಾಳು ಬೇಕು. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಎರಡನ್ನೂ ಕೂಡಿ ತಿಂದರೆ ಪ್ರೋಟೀನ್ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ರೊಟ್ಟಿ ಜೊತೆ ಕಾಳುಪಲ್ಯ ನಮ್ಮ ಸೀಮೆಯಲ್ಲಿ ಬಿಡದೆ ಬಂದಿರುವುದಕ್ಕೆ ಇದೂ ಒಂದು ಬಲ.

ಕಾಳು ನೆನೆಸುವುದನ್ನು ರಾತ್ರಿ ಪಾತ್ರೆ ತೊಳೆಯುವ ಕೆಲಸಕ್ಕೆ ಗಂಟು ಹಾಕಿಬಿಡಿ. ಕಟ್ಟೆ ಒರೆಸಿದ ಮೇಲೆ ಒಂದು ಬಟ್ಟಲು ಕಾಳು ನೀರಿಗೆ. ಬೆಳಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಸಂಜೆ ಬರುವಷ್ಟರಲ್ಲಿ ಮೊಳಕೆ ಮೂಗು ತೋರಿಸಿರುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಹನ್ನೆರಡು ತಾಸು ನೀರಲ್ಲೇ ಬಿಟ್ಟರೆ ಕಾಳು ಹುಳಿ ವಾಸನೆ ಬರುತ್ತದೆ. ಆಗ ಆರು ತಾಸು ಸಾಕು, ಇಲ್ಲವೇ ಫ್ರಿಜ್ಜಿನಲ್ಲಿ ನೆನೆಸಿ.

ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದು ನಮ್ಮ ಕಡೆ ಹೆಣ್ಣುಮಕ್ಕಳು ಹೇಳುವುದು ನಿಜ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆ, ತಿರುಳಿಗೆ ಹಿಡಿದು ಅದನ್ನು ಬಿಗಿ ಮಾಡುತ್ತವೆ. ಸೀಟಿ ಮೇಲೆ ಸೀಟಿ ಹೊಡೆಸಿ ಗ್ಯಾಸ್ ಸುಡುವ ಬದಲು ನೆನೆಸಲು, ಬೇಯಿಸಲು ಕುಡಿಯುವ ನೀರು ಬಳಸಿ. ನೆನೆಸುವ ನೀರಿಗೆ ಅರ್ಧ ಚಮಚ ಉಪ್ಪು ಹಾಕಿದರೆ ಕಾಳು ಇನ್ನೂ ಬೇಗ ಮೆತ್ತಗಾಗುತ್ತದೆ. ಹುಣಸೆಹುಳಿ, ಟೊಮೆಟೊ ಮಾತ್ರ ಕಾಳು ಬೆಂದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಹುಳಿಗೆ ಕಾಳು ಗಟ್ಟಿಯಾಗಿ ನಿಂತುಬಿಡುತ್ತದೆ. ಅಡುಗೆ ಸೋಡಾ ಹಾಕಬೇಡಿ. ಕಾಳು ಬೇಗ ಬೇಯುತ್ತದೆ ನಿಜ, ಬಿ1 ಜೀವಸತ್ವ ಹಾಳಾಗುತ್ತದೆ.

ಇನ್ನು ಮಡಕಿಕಾಳು ಪಲ್ಯದ ಮಾತು. ಮೊಳಕೆ ಬಂದ ಕಾಳಿಗೆ ಮುಳುಗುವಷ್ಟು ನೀರು ಹಾಕಿ ಕುಕ್ಕರಿನಲ್ಲಿ ಒಂದೇ ಸೀಟಿ. ನೀರು ಬಸಿದು ಬೇರೆ ಇಡಿ, ಚೆಲ್ಲಬೇಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಎರಡು ಉಳ್ಳಾಗಡ್ಡಿ. ಅದು ಕೆಂಪಗಾದ ಮೇಲೆ ಅರಿಶಿನ, ಮಸಾಲಿ ಖಾರ, ಕಾಳು, ಉಪ್ಪು, ಚೂರು ಬೆಲ್ಲ. ಇಳಿಸುವ ಮುಂಚೆ ಎರಡು ಚಮಚ ಗುರೆಳ್ಳು (ಹುಚ್ಚೆಳ್ಳು) ಪುಡಿ. ಹೋಟೆಲಿನ ದಪ್ಪ ಗ್ರೇವಿಗೆ ಗೋಡಂಬಿ, ಕೆನೆ ಬೇಕು. ನಮ್ಮ ಪಲ್ಯಕ್ಕೆ ಆ ಜಿಡ್ಡು, ಆ ದಪ್ಪ ಗುರೆಳ್ಳಿನಿಂದ, ಶೇಂಗಾದಿಂದ ಬರುತ್ತದೆ. ಬಸಿದಿಟ್ಟ ಕಟ್ಟಿಗೆ ಹುಣಸೆ ರಸ, ಬೆಲ್ಲ, ಖಾರ, ಒಂದು ಚಮಚ ಬೆಂದ ಕಾಳು ಅರೆದು ಹಾಕಿ ಕುದಿಸಿದರೆ ಕಟ್ಟಿನ ಸಾರು. ಅನ್ನಕ್ಕೆ ಅದೇ ಆಯಿತು, ಬೇರೆ ಸಾರು ಬೇಡ.

ಈ ಒಂದೇ ಕಾಳಿನಿಂದ ಎರಡು ಅಡುಗೆ ಎನ್ನುವ ಜಾಣತನ ಉದುರು ಬ್ಯಾಳಿಯಲ್ಲಿ ಇನ್ನೂ ಚೆಂದ. ತೊಗರಿ ನಮ್ಮ ಪಕ್ಕದ ವಿಜಯಪುರ ಸೀಮೆಯಲ್ಲೇ ಎಕರೆಗಟ್ಟಲೆ ಬೆಳೆಯುತ್ತದೆ. ಬೇಳೆಯನ್ನು ಅರ್ಧ ತಾಸು ನೆನೆಸಿ, ತೆರೆದ ಪಾತ್ರೆಯಲ್ಲಿ ಕುದಿಸಿ. ಒತ್ತಿದರೆ ಮುರಿಯಬೇಕು, ಕರಗಬಾರದು. ಕಟ್ಟು ಸಾರಿಗೆ ಹೋಗುತ್ತದೆ. ಬೇಳೆಗೆ ಬಳ್ಳೊಳ್ಳಿ ಒಗ್ಗರಣೆ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಮೇಲೆ ಒಂದು ಹೋಳು ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣು ಹೇಗೂ ನಮ್ಮ ಸಂತೆಗೆ ಬರುತ್ತದೆ. ಕಾಳು, ಸೊಪ್ಪಿನ ಕಬ್ಬಿಣದ ಅಂಶ ಮೈ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ. ಊಟ ಆದ ತಕ್ಷಣ ಚಹಾ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ, ಒಂದು ತಾಸು ತಡೆಯಿರಿ.

ನೆನೆಸಲು ಮರೆತ ದಿನ ಗಾಬರಿ ಬೇಡ. ಹಿಟ್ಟಿನ ಪಲ್ಯ ಇದೆ, ಕೆಲವರು ಜುಣಕ ಎನ್ನುತ್ತಾರೆ. ಐದು ಮಂದಿಗೆ 150 ಗ್ರಾಂ ಕಡಲೆ ಹಿಟ್ಟು ಸಾಕು. ಒಗ್ಗರಣೆಗೆ ಉಳ್ಳಾಗಡ್ಡಿ ಜಾಸ್ತಿ ಹಾಕಿ, ಹಸಿಮೆಣಸಿನಕಾಯಿ ಬಳ್ಳೊಳ್ಳಿ ಜಜ್ಜಿ ಹಾಕಿ, ಹಿಟ್ಟಿನ ಎರಡರಷ್ಟು ನೀರು ಹೊಯ್ಯಿರಿ. ನೀರು ಕುದಿಯುವಾಗ ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು. ಗಂಟಾಗುವ ಭಯ ಇದ್ದರೆ ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಕದಡಿಕೊಳ್ಳಿ. ಸಣ್ಣ ಉರಿಯಲ್ಲಿ ಮುಚ್ಚಿ ಐದು ನಿಮಿಷ. ಹಸಿ ವಾಸನೆ ಹೋಗದೆ ಇಳಿಸಿದರೆ ಹೊಟ್ಟೆ ಭಾರ ಆಗುತ್ತದೆ, ಅವಸರ ಮಾಡಬೇಡಿ. ಹದಿನೈದು ನಿಮಿಷದಲ್ಲಿ ಪಲ್ಯ ಸಿದ್ಧ. ಪಾರ್ಸಲ್ ಇಷ್ಟು ಬೇಗ ಬರುವುದಿಲ್ಲ.

ಈಗ ರೊಟ್ಟಿ. ಸಂಜೆ ದುಡಿದು ಬಂದು ದಿನಾ ರೊಟ್ಟಿ ಬಡಿಯಿರಿ ಎಂದು ನಾನು ಹೇಳುವುದಿಲ್ಲ. ಹೇಳುವವರಿಗೆ ಆ ದಣಿವು ಗೊತ್ತಿಲ್ಲ. ವಾರಕ್ಕೆ ಎರಡು ಸಲ ಮಾಡಿ. ರವಿವಾರ ಒಂದು ಸಲ, ಬುಧವಾರ ಅಥವಾ ಗುರುವಾರ ಇನ್ನೊಂದು ಸಲ. ಹಂಚು ಒಮ್ಮೆ ಕಾಯಿಸಿದರೆ ಎಂಟು ರೊಟ್ಟಿಗೂ ಅದೇ ಕಾವು, ಹದಿನಾರಕ್ಕೂ ಅದೇ. ಆ ದಿನ, ಮರುದಿನ ಮೆತ್ತನೆಯ ರೊಟ್ಟಿ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ಬೇಯಿಸಿ ಖಡಕ್ ಮಾಡಿ ಬಟ್ಟೆ ಹಾಸಿದ ಬುಟ್ಟಿಯಲ್ಲಿಡಿ. ತೇವ ಪೂರ್ತಿ ಹೋಗಿದ್ದರೆ ವಾರಗಟ್ಟಲೆ ಇರುತ್ತದೆ. ಅದೂ ಆಗಲಿಲ್ಲ ಅಂದರೆ ನಿಮ್ಮ ಓಣಿಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಇರುತ್ತಾರೆ, ಅವರ ಹತ್ತಿರ ಕೊಳ್ಳಿ. ಮನೆಯಲ್ಲಿ ಮಾಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ, ಪಾರ್ಸಲ್ಲಿಗಿಂತ ಎಷ್ಟೋ ಕಡಿಮೆ. ಬಾದಾಮಿಯ ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಮೊಸರು ಇಟ್ಟುಕೊಂಡು ಕೂರುವ ಅಮ್ಮಂದಿರ ಹತ್ತಿರ ಊಟ ಮಾಡಿದ್ದೀರಲ್ವಾ? ಒಲೆಯೇ ಇಲ್ಲದ ಕಡೆ ಅವರು ಪೂರ್ತಿ ಊಟ ಬಡಿಸುತ್ತಾರೆ. ನಿಮ್ಮ ಕೆಲಸದ ದಿನದ ಊಟಕ್ಕೆ ಅವರೇ ಒಳ್ಳೆಯ ಮಾದರಿ.

ರಾತ್ರಿಗೆ ಎಂಟು ರೊಟ್ಟಿ ಎಂದರೆ ಸುಮಾರು ಅರ್ಧ ಕಿಲೋ ಹಿಟ್ಟು, ತಿಂಗಳಿಗೆ 15 ಕಿಲೋ ಜೋಳ. ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಾರುಕಟ್ಟೆಗೆ ಹೊಸದಾಗಿ ಬರುತ್ತದೆ. ಮಾಲದಂಡಿ ತಳಿ ಸಿಕ್ಕರೆ ಅದನ್ನೇ ಕೊಳ್ಳಿ, ರೊಟ್ಟಿಗೆ ಅದರಷ್ಟು ಹೊಂದುವುದು ನನಗೆ ಬೇರೆ ಕಂಡಿಲ್ಲ. ಕೈಯಲ್ಲಿ ದುಡ್ಡಿದ್ದರೆ ಆಗಲೇ ಆರು ತಿಂಗಳಿಗೆ ಆಗುವಷ್ಟು ಕೊಂಡು, ಚೆನ್ನಾಗಿ ಬಿಸಿಲಿಗೆ ಹಾಕಿ, ಒಣ ಬೇವಿನ ಎಲೆ ಹಾಕಿ ಡಬ್ಬಿ ತುಂಬಿಡಿ. ದಯವಿಟ್ಟು ಹುಳಕ್ಕೆಂದು ಕಾಳಿನಲ್ಲಿಡುವ ವಿಷದ ಗುಳಿಗೆಯನ್ನು ಮನೆಯೊಳಗೆ ತರಬೇಡಿ. ಅದರಿಂದ ಬರುವ ಫಾಸ್ಫೀನ್ ಅನಿಲ ಜೀವ ತೆಗೆಯುತ್ತದೆ. ಹಿಟ್ಟು ಮಾತ್ರ ಹತ್ತು ದಿನಕ್ಕೆ ಸಾಲುವಷ್ಟೇ ಗಿರಣಿಯಲ್ಲಿ ಬೀಸಿಸಿ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇರುತ್ತದೆ, ಬೀಸಿದ ಮೇಲೆ ಗಾಳಿಗೆ ಅದು ಕೆಡುತ್ತದೆ. ಹಿಟ್ಟು ಕಹಿಯಾಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಎಷ್ಟೋ ಮನೆಯಲ್ಲಿ ಮಕ್ಕಳು ರೊಟ್ಟಿ ಬೇಡ ಎನ್ನುವುದಕ್ಕೆ ಈ ಹಳೆಯ ಹಿಟ್ಟೇ ಕಾರಣ. ಪ್ಯಾಕೆಟ್ ಹಿಟ್ಟು ತರುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ.

ಜೋಳದಲ್ಲಿ ಗೋದಿಯ ಹಾಗೆ ಗ್ಲುಟೆನ್ ಇಲ್ಲ, ಹಿಟ್ಟು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಬೆಂದು ಅಂಟು ಬರುತ್ತದೆ. ಎಸರು ಮರಳುತ್ತಿರಬೇಕು, ಬೆಚ್ಚಗಿದ್ದರೆ ಸಾಲದು. ನಿಮ್ಮ ಯಜಮಾನರಿಗೂ ನಾದುವ ಕೆಲಸ ಕೊಡಿ. ಬಿಸಿ ಹಿಟ್ಟನ್ನು ಅಂಗೈಯಿಂದ ಒತ್ತಿ ನಾದಲು ಬಲ ಬೇಕು, ಗಂಡಸರ ಕೈಗೆ ಹೇಳಿ ಮಾಡಿಸಿದ ಕೆಲಸ.

ಮಕ್ಕಳ ಮಾತಿಗೆ ಬರುತ್ತೇನೆ. ರಾತ್ರಿ ಎಂಟಕ್ಕೆ ತಣ್ಣಗಾದ ದೊಡ್ಡ ರೊಟ್ಟಿ ತಟ್ಟೆಗೆ ಹಾಕಿದರೆ ಎಂಟು ವರ್ಷದ ಮಗು ಬೇಡ ಎನ್ನುವುದು ಸಹಜ. ಅಂಗೈಯಗಲದ ಸಣ್ಣ ರೊಟ್ಟಿ ಮಾಡಿ. ಬಿಸಿ ಇರುವಾಗಲೇ ಬಳ್ಳೊಳ್ಳಿ, ಉಪ್ಪು, ಚೂರು ಖಾರ, ಒಂದು ಚಮಚ ಎಣ್ಣೆ ಹಾಕಿ ಕಲ್ಲಲ್ಲಿ ಕುಟ್ಟಿ ಮುಟಗಿ ಕಟ್ಟಿಕೊಡಿ. ರೊಟ್ಟಿ ಮುಟ್ಟದ ಮಕ್ಕಳು ಮುಟಗಿಗೆ ಜಗಳ ಆಡುವುದನ್ನು ನಾನು ನೋಡಿದ್ದೇನೆ. ಇನ್ನೊಂದು ದಾರಿ ತಾಲಿಪಟ್ಟಿ. ಜೋಳ, ಕಡಲೆ, ಗೋದಿ ಹಿಟ್ಟು ಕೂಡಿಸಿ, ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಎಳ್ಳು ಹಾಕಿ ತಟ್ಟಿ, ಮೊಸರಿನ ಜೊತೆ ಕೊಡಿ. ಮೊನ್ನೆಯ ಖಡಕ್ ರೊಟ್ಟಿ ಉಳಿದಿದ್ದರೆ ಮುರಿದು ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಡಿ. ಉಳ್ಳಾಗಡ್ಡಿ, ಶೇಂಗಾ ಹಾಕಿ ಅವಲಕ್ಕಿಯ ಹಾಗೆ ಒಗ್ಗರಣೆ ಕೊಟ್ಟರೆ ಅದೇ ಒಂದು ಊಟ.

ನೂಡಲ್ಸನ್ನು ಪೂರ್ತಿ ನಿಲ್ಲಿಸಬೇಡಿ. ನಿಲ್ಲಿಸಿದ್ದಕ್ಕೇ ಆಸೆ ಜಾಸ್ತಿ. ಶನಿವಾರ ರಾತ್ರಿ ಅದಕ್ಕೆ ಅಂತ ಇಟ್ಟುಬಿಡಿ, ಎರಡು ಪ್ಯಾಕೆಟ್ಟಿಗೆ ಒಂದು ದೊಡ್ಡ ಬಟ್ಟಲು ಗಜ್ಜರಿ, ಕೋಸು, ಮೊಳಕೆ ಹೆಸರು ಹಾಕಿ. ಮೊಟ್ಟೆ ತಿನ್ನುವ ಮನೆ ಆದರೆ ಎರಡು ಮೊಟ್ಟೆ. ಪನೀರ್ ಕೇಳಿದಾಗ ಸೋಯಾ ತುಣುಕು ಒಮ್ಮೆ ಹಾಕಿ ನೋಡಿ. 100 ಗ್ರಾಂ ಒಣ ತುಣುಕಿನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಚೆನ್ನಾಗಿ ಹಿಂಡಿದರೆ ವಾಸನೆ ಹೋಗುತ್ತದೆ. ಆಮೇಲೆ ನಮ್ಮ ಮಸಾಲಿ ಖಾರ ಹಾಕಿಯೇ ಪಲ್ಯ ಮಾಡಿ.

ಎಲ್ಲಕ್ಕಿಂತ ಮೊದಲು ಆರೂವರೆಯ ಹಸಿವಿಗೆ ಏನಾದರೂ ಇಡಬೇಕು. ಇದನ್ನು ಮರೆತರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಹುರಿದ ಶೇಂಗಾ ಮತ್ತು ಮಹಾಲಿಂಗಪುರದ ಬೆಲ್ಲ, ಚುರುಮರಿಗೆ ಪುಟಾಣಿ ಹಿಟ್ಟು, ಉಳ್ಳಾಗಡ್ಡಿ ಕಲಸಿದ್ದು, ಬೇಯಿಸಿದ ಗೆಣಸು, ಒಂದು ಮುಷ್ಟಿ ಮೊಳಕೆ ಕಾಳಿಗೆ ನಿಂಬೆ. ಬೆಳಗಾವಿ ಕಡೆಯಿಂದ ಗೆಣಸು ಬರುವ ಕಾಲದಲ್ಲಿ ಬೆಲೆಯೂ ಹಗುರ. ಹನ್ನೆರಡು ವರ್ಷದ ಮಗು ಇದನ್ನು ತಾನೇ ತೆಗೆದುಕೊಂಡು ತಂಗಿಗೋ ತಮ್ಮನಿಗೋ ಕೊಡಬಲ್ಲದು. ಡಬ್ಬಿ ಮಾತ್ರ ಕೈಗೆ ಎಟಕುವ ಕಡೆ ಇರಲಿ. ಇಷ್ಟು ಹೊಟ್ಟೆಗೆ ಬಿದ್ದರೆ ನಿಮಗೆ ಎಂಟರವರೆಗೆ ಉಸಿರಾಡಲು ಹೊತ್ತು ಸಿಗುತ್ತದೆ, ಭಜಿ ಅಂಗಡಿಯ ನೆನಪೂ ಬರುವುದಿಲ್ಲ.

ಕಾಯಿಪಲ್ಯದಲ್ಲಿ ಒಂದೇ ನಿಯಮ. ಏನು ಅಡುಗೆ ಅಂತ ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಸಂತೆಗೆ ಹೋಗಬೇಡಿ, ಸಂತೆಯಲ್ಲಿ ಅಗ್ಗ ಇದ್ದದ್ದನ್ನು ನೋಡಿ ಅಡುಗೆ ತೀರ್ಮಾನಿಸಿ. ಚಳಿಗಾಲದಲ್ಲಿ ಮುಳಗಾಯಿ (ಬದನೆ), ಮೆಂತ್ಯ, ಹಕ್ಕರಕಿ ಸೊಪ್ಪು, ಮೂಲಂಗಿ ರಾಶಿ ಬೀಳುತ್ತದೆ. ಹಕ್ಕರಕಿ ತೊಳೆದು ಹಸಿಯಾಗೇ ಹಿಂಡಿ ಜೊತೆ ತಿನ್ನಬಹುದು, ಗ್ಯಾಸೂ ಬೇಡ. ಪುಂಡಿ ಸೊಪ್ಪು ಸಿಕ್ಕ ದಿನ ಎರಡು ಸಿವುಡು ತನ್ನಿ. ಸೊಪ್ಪು ಕುದಿಸಿ, ಹುಳಿ ನೀರು ಬಸಿದು, ತೊಗರಿ ಬೇಳೆ ಮತ್ತು ಒಂದು ಮುಷ್ಟಿ ಜೋಳದ ನುಚ್ಚು ಹಾಕಿ ಬೇಯಿಸಿ, ಹಸಿಮೆಣಸಿನಕಾಯಿ ಅರೆದು ಹಾಕಿ, ಮೇಲೆ ಬಳ್ಳೊಳ್ಳಿ ಒಗ್ಗರಣೆ ಧಾರಾಳವಾಗಿ. ಮರುದಿನ ಇನ್ನೂ ರುಚಿ. ಬೇಸಿಗೆಯಲ್ಲಿ ಕಾಯಿಪಲ್ಯ ತುಟ್ಟಿಯಾದಾಗ ಒಣ ಕಾಳು, ಉಳ್ಳಾಗಡ್ಡಿ, ಹಿಂಡಿಗಳೇ ಆಧಾರ. ಟೊಮೆಟೊ ಬೆಲೆ ಏರಿದಾಗ ಟಿವಿಯಲ್ಲಿ ಅಷ್ಟು ಗದ್ದಲ ಆಗುತ್ತದೆ. ನಮ್ಮ ಸಾರು ಹುಣಸೆಹಣ್ಣಿನದ್ದು, ಟೊಮೆಟೊ ಇಲ್ಲದೆ ಸೊಗಸಾಗಿ ಆಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಸ ಹುಣಸೆ ಬಂದಾಗ ವರ್ಷದ್ದು ಕೊಂಡು, ಬೀಜ ತೆಗೆದು ಉಪ್ಪು ಹಾಕಿ ಭರಣಿಯಲ್ಲಿ ತುಂಬಿಡಿ. ವರ್ಷದ ಮಸಾಲಿ ಖಾರ ಕುಟ್ಟಿಸುವುದೂ ಆಗಲೇ. ಪ್ಯಾಕೆಟ್ ಮಸಾಲೆ, ಬಾಟಲಿ ಪೇಸ್ಟುಗಳ ಖರ್ಚು ಅಲ್ಲಿಗೆ ನಿಲ್ಲುತ್ತದೆ.

ರೇಷನ್ ಅಕ್ಕಿ ಬರುತ್ತಿದ್ದರೆ ಅದನ್ನು ಮಾರಬೇಡಿ. ಅದರಲ್ಲಿ ಕೆಲವೊಮ್ಮೆ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ, ನುಣ್ಣನೆಯ ಕಾಳು ಕಂಡು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರಿದ್ದಾರೆ. ಅದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳು. ಅಂಥ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಎರಡು ಸಲ ತೊಳೆದರೆ ಸಾಕು, ಗಂಜಿ ಬಸಿಯದೆ ಬೇಯಿಸಿ. ಆ ಅಕ್ಕಿಗೆ ಹೆಸರು ಬೇಳೆ ಸೇರಿಸಿ ಮಾಡಿದ ಕಿಚಡಿಗೆ ಒಂದೇ ಕುಕ್ಕರ್, ಇಪ್ಪತ್ತೈದು ನಿಮಿಷ. ಮೂರು ಪಾಲು ಅಕ್ಕಿಗೆ ಒಂದು ಪಾಲಿಗಿಂತ ಕಡಿಮೆ ಬೇಳೆ ಹಾಕಬೇಡಿ. ಅನ್ನ ಉಳಿದರೆ ಬೇಸಿಗೆಯಲ್ಲಿ ಎರಡು ತಾಸಿನೊಳಗೆ ಫ್ರಿಜ್ಜಿಗೆ ಹೋಗಬೇಕು. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮಗುವಿಗೆ ವಾಂತಿ ಶುರುವಾದರೆ ಉಳಿಸಿದ ಅನ್ನಕ್ಕಿಂತ ದವಾಖಾನೆ ಖರ್ಚು ಜಾಸ್ತಿ.

ಎಣ್ಣೆಯ ಲೆಕ್ಕ ಹೆಚ್ಚಿನ ಮನೆಗಳಲ್ಲಿ ಯಾರೂ ಇಡುವುದಿಲ್ಲ. ಮೇಲೆ ಹೇಳಿದ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಲೆಕ್ಕಕ್ಕೆ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ ಎಲ್ಲ ಸೇರಿ. ಐದು ಮಂದಿಗೆ ತಿಂಗಳಿಗೆ ಸುಮಾರು 4 ಕಿಲೋ. ತಿಂಗಳ ಮೊದಲ ದಿನ ಅಷ್ಟೇ ತಂದು ಬೇರೆ ಡಬ್ಬಿಗೆ ಹಾಕಿ. ಇಪ್ಪತ್ತನೇ ತಾರೀಖಿಗೇ ಖಾಲಿಯಾದರೆ ಕರಿದದ್ದು ಜಾಸ್ತಿ ಆಗಿದೆ ಎಂದೇ ಅರ್ಥ. ಉಳಿದ ದುಡ್ಡನ್ನು ಮೊಸರಿಗೆ ಹಾಕಿ. ಮೊಸರಿಲ್ಲದ ರೊಟ್ಟಿ ಊಟ ನನ್ನ ಪ್ರಕಾರ ಅರ್ಧ ಊಟ. ಕೊಲ್ಹಾರದ ಗಡಿಗೆ ಮೊಸರು ಎಂದಾದರೊಮ್ಮೆ ತಂದರೆ ಸಂತೋಷ. ದಿನಕ್ಕೆ ಒಂದು ಲೀಟರ್ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿ.

ನಿಮ್ಮ ಅತ್ತೆಯವರ ವಿಷಯ. ಸಕ್ಕರೆ ಕಾಯಿಲೆಗೆ ಜೋಳ ಒಳ್ಳೆಯದು ಎಂದು ಕೇಳಿ ನಾಲ್ಕು ರೊಟ್ಟಿ ತಿನ್ನುವವರಿದ್ದಾರೆ. ಜೋಳದಲ್ಲಿ ನಾರು ಚೆನ್ನಾಗಿದೆ, ಆದರೂ ಅದರಲ್ಲಿ ಇರುವುದು ಪಿಷ್ಟವೇ. ಒಂದು, ಹೆಚ್ಚೆಂದರೆ ಒಂದೂವರೆ ರೊಟ್ಟಿ, ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಒಂದು ಬಟ್ಟಲು ಕಾಳು, ಮಜ್ಜಿಗೆ. ಅನ್ನ ರಾತ್ರಿ ಬೇಡ, ಬೇಕೇ ಬೇಕು ಎಂದರೆ ರೊಟ್ಟಿ ಬಿಟ್ಟು ಅನ್ನ. ಶೇಂಗಾ ಬೆಲ್ಲದಲ್ಲಿ ಅವರಿಗೆ ಶೇಂಗಾ ಮಾತ್ರ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಒಮ್ಮೆಲೇ ಕಡಿಮೆ ಮಾಡುವ ಮುಂಚೆ ಅವರ ವೈದ್ಯರಿಗೆ ಒಂದು ಮಾತು ಹೇಳಿ. ಊಟ ಎಂಟಕ್ಕೆ ಮುಗಿದರೆ ಅವರಿಗೆ ತುಂಬ ಅನುಕೂಲ.

ಹೊಟ್ಟೆ ಉಬ್ಬುವುದು ಕಾಳಿನಲ್ಲಿರುವ ಕೆಲವು ಸಕ್ಕರೆಗಳಿಂದ. ಅವು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ವಾಯು ಮಾಡುತ್ತವೆ. ನೆನೆಸಿದ ನೀರು ಚೆಲ್ಲಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು. ಹಾಗಾಗಿ ಅವರಿಗೆ ಮೊದಲ ವಾರ ಸಿಪ್ಪೆ ತೆಗೆದ ಹೆಸರು ಬೇಳೆ ಮಾತ್ರ ಕೊಡಿ, ಎರಡು ಚಮಚದಿಂದ ಶುರು ಮಾಡಿ. ಆಮೇಲೆ ಮೊಳಕೆ ಹೆಸರು, ಅದಾದ ಮೇಲೆ ಮಡಕಿ. ಒಗ್ಗರಣೆಗೆ ಓಂಕಾಳು, ಇಂಗು, ಹಸಿ ಶುಂಠಿ ಬೀಳಲಿ. ಕಡಲೆ, ಅಲಸಂದಿ, ಹುರುಳಿ ಅವರಿಗೆ ಮಧ್ಯಾಹ್ನದ ಊಟಕ್ಕೆ ಇರಲಿ, ರಾತ್ರಿಗೆ ಬೇಡ.